ತಟ್ಟೆಯಲ್ಲಿ ತೋರಿಸಲು ಏನೂ ಇರಲಿಲ್ಲ

ಅತ್ತೆಯ ಉಪವಾಸಗಳು ಹೆಚ್ಚುತ್ತ ಹೋದ ವರ್ಷ ನಮ್ಮ ಮನೆಗೆ ಬಂದವರಲ್ಲಿ ಅರ್ಧ ಜನ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋಗುತ್ತಿದ್ದರು. ಮೊದಲಿನಿಂದ ಅವರಿಗಿದ್ದದ್ದು ಏಕಾದಶಿಯೊಂದೇ. ಅದಕ್ಕೆ ಶನಿವಾರದ ಒಪ್ಪತ್ತು ಸೇರಿತು. ಬೆನ್ನಿಗೇ ಸಂಕಷ್ಟಿ ಬಂತು, ಪ್ರದೋಷ ಬಂತು. ಸೋಮವಾರ ರಾತ್ರಿ ಬರೀ ಹಾಲು ಎಂದರು. ಗುರುವಾರ ಆ ಹಾಲೂ ಬೇಡ ಎಂದರು. ಕಿಗ್ಗದಿಂದ ಬಂದಿದ್ದ ಅವರ ತಂಗಿ ನಮ್ಮ ಊಟದ ಮೇಜಿನ ಮುಂದೆ ಕೂತು, "ಅಕ್ಕಂದು ಪುಣ್ಯದ ಜೀವ ಮಾರಾಯ್ತಿ. ನಮಗೆ ಬೆಳಿಗ್ಗೆ ಕಣ್ಣು ಬಿಟ್ಟ ಕೂಡ್ಲೆ ದೋಸೆ ನೆನಪಾಗುತ್ತೆ," ಎಂದು ಇನ್ನೊಂದು ದೋಸೆಗೆ ಬೆಣ್ಣೆ ಹಚ್ಚಿಕೊಂಡರು.

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದವು. ಕೊಪ್ಪದ ಪೇಟೆಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆಯಲ್ಲಿ ನಾವಿದ್ದೆವು. ನನ್ನ ಗಂಡನಿಗೆ ಕರೆಂಟ್ ಆಫೀಸಿನಲ್ಲಿ ಕೆಲಸ. ಅವರ ಅಣ್ಣ, ಅಂದರೆ ನನ್ನ ಭಾವ, ಮೆಣಸೆಯಲ್ಲಿ ಜಮೀನು ನೋಡಿಕೊಂಡಿದ್ದರು. ಅವರಿಬ್ಬರ ತಂಗಿಯನ್ನು ನರಸಿಂಹರಾಜಪುರಕ್ಕೆ ಕೊಟ್ಟಿತ್ತು. ಅತ್ತೆ ಇದ್ದದ್ದು ನಮ್ಮ ಜೊತೆ. ಅವರಿಗೆ ಪೇಟೆ ಬೇಕು. ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡಿ, "ಇದನ್ನ ನಿನ್ನ ಮನೆ ದನಕ್ಕೆ ಹಾಕು," ಎಂದು ಹೇಳುವುದಕ್ಕಾದರೂ ಪೇಟೆ ಬೇಕು.

ವ್ರತಗಳ ಬಗ್ಗೆ ನನಗೆ ತಕರಾರಿರಲಿಲ್ಲ. ಆದರೆ ಅಡುಗೆ ಮಾಡಿ ಬಡಿಸುವವಳಿಗೆ ತಟ್ಟೆಗಳ ಭಾಷೆ ಗೊತ್ತಾಗುತ್ತದೆ. ವ್ರತವಿಲ್ಲದ ದಿನವೂ ಅತ್ತೆ ಅನ್ನವನ್ನು ಬಾಳೆಲೆಯ ಮೂಲೆಗೆ ತಳ್ಳಿ, ಅದರ ಮೇಲೆ ಎಲೆ ಮಡಚಿ ಏಳುತ್ತಿದ್ದರು. ಮುಂಗೈಯಲ್ಲಿ ಕೂರುತ್ತಿದ್ದ ಬಳೆಗಳು ಕೈ ಎತ್ತಿದಾಗ ಮೊಣಕೈವರೆಗೆ ಜಾರುತ್ತಿದ್ದವು. ರವಿಕೆಯ ಹುಕ್ಕುಗಳನ್ನು ತಾವೇ ಕೂತು ಒಳಗೆ ಸರಿಸಿ ಹೊಲಿದುಕೊಂಡಿದ್ದರು, ಹಳೆಯ ಹೊಲಿಗೆಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ಒಂದು ಮಧ್ಯಾಹ್ನ ಅವರು ಚಾಪೆಯ ಮೇಲೆ ಮಗ್ಗುಲು ಬದಲಿಸಿದಾಗ ಹೊಟ್ಟೆಯೊಳಗಿಂದ ಸದ್ದು ಬಂತು. ಅರ್ಧ ತುಂಬಿದ ಕೊಡವನ್ನು ಸೊಂಟಕ್ಕೆತ್ತಿಕೊಂಡಾಗ ಕುಲುಕುತ್ತದಲ್ಲ, ಹಾಗೆ.

ಗಂಡನಿಗೆ ಹೇಳಿದೆ. "ರೀ, ಅಮ್ಮ ಊಟ ಮಾಡ್ತಾ ಇಲ್ಲ."

"ವ್ರತ ಅಲ್ದನಾ?"

"ವ್ರತ ಇಲ್ಲದ ದಿನಾನೂ."

"ವಯಸ್ಸಾಯ್ತು. ನೀನು ಕಾನ್ವೆಂಟಿನಲ್ಲಿ ಓದಿದವಳು, ನಿಂಗೆ ನಮ್ಮ ಮನೆ ವ್ರತ ಎಲ್ಲ ಅರ್ಥ ಆಗಲ್ಲ."

ನನ್ನ ಕಾನ್ವೆಂಟಿನ ಹಣೆಬರಹವೇ ಅದು. ನಾನು ಬಾಯಿ ಬಿಟ್ಟಾಗ ಅದು ಕೊರತೆ. ಮನೆಗೆ ಇಂಗ್ಲಿಷಿನ ಕಾಗದ ಬಂದಾಗ ಅದೇ ಯೋಗ್ಯತೆ. ಸಿಸ್ಟರುಗಳು ನಮಗೆ ದನಿ ಏರಿಸದೆ ಮಾತಾಡುವುದನ್ನು ಬಹಳ ಶ್ರದ್ಧೆಯಿಂದ ಕಲಿಸಿದ್ದರು. ದನಿ ಏರಿಸದವರ ಮಾತನ್ನು ಈ ತಾಲೂಕಿನಲ್ಲಿ ಯಾರೂ ಕೇಳುವುದಿಲ್ಲವೆಂದು ಮಾತ್ರ ಹೇಳಿರಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ಅತ್ತೆ ಹಿತ್ತಲ ಕಲ್ಲಿನ ಹತ್ತಿರ ಕೂತು ವಾಂತಿ ಮಾಡಿದರು. ನೀರು ಹೊಯ್ಯಲು ಹೋದ ನಾನು ನಿಂತು ನೋಡಿದೆ. ಹಿಂದಿನ ದಿನ ಬೆಳಿಗ್ಗೆಯ ಅವಲಕ್ಕಿ, ಒಗ್ಗರಣೆಯ ಕಡಲೆಬೇಳೆ ಸಮೇತ, ಹಾಕಿದ ಹಾಗೇ ಇತ್ತು. ನಡುವೆ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಕಳೆದಿದ್ದವು. ಗಂಡನನ್ನು ಕರೆದು ತೋರಿಸಿದೆ. ಅವರು ಅಂಗಿ ಹಾಕಿಕೊಂಡು ಆಟೋ ತರಲು ಹೋದರು.

ಪೇಟೆಯ ವಯಸ್ಸಾದ ಡಾಕ್ಟರು ಅತ್ತೆಯ ಹೊಟ್ಟೆಯನ್ನು ಎರಡೂ ಕೈಯಿಂದ ಮೆಲ್ಲಗೆ ಅಲುಗಿಸಿ ಕಿವಿಯಿಟ್ಟು ಕೇಳಿದರು. ನಾನು ಚಾಪೆಯ ಹತ್ತಿರ ಕೇಳಿದ್ದ ಸದ್ದೇ. "ತಡ ಮಾಡಬೇಡಿ, ಘಟ್ಟದ ಕೆಳಗೆ ಕರ್ಕೊಂಡು ಹೋಗಿ," ಎಂದರು. ಆಗುಂಬೆ ಘಾಟಿಯ ತಿರುವುಗಳಲ್ಲಿ ಅತ್ತೆಗೆ ಹಿಡಿಯಲು ಪ್ಲಾಸ್ಟಿಕ್ ಚೀಲ ಕೊಟ್ಟು, ಮೆಣಸೆಯಿಂದ ಹತ್ತಿದ ಭಾವನ ಪಕ್ಕ ಬಾಡಿಗೆ ಕಾರಿನಲ್ಲಿ ಮುದುಡಿ ಕೂತು ದೊಡ್ಡ ಆಸ್ಪತ್ರೆಗೆ ಹೋದೆವು. ಬಾಯಿಂದ ಪೈಪು ಇಳಿಸಿ ನೋಡಿದರು, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಮಾಡಿದರು. ರಿಪೋರ್ಟು ಬಂದ ದಿನ ಅತ್ತೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾವು ಮೂವರು ಸರ್ಜನರ ಕೋಣೆಗೆ ಹೋದೆವು. ಕಾಗದ ನನ್ನ ಕೈಗೆ ಕೊಟ್ಟರು. ಅಂದು ನನ್ನ ಕಾನ್ವೆಂಟು ಯೋಗ್ಯತೆಯಾಗಿತ್ತು.

ಸರ್ಜನರು ಕರಾವಳಿಯವರು, ತಗ್ಗಿದ ದನಿಯವರು. ಔಷಧಿ ಚೀಟಿಯ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಚೀಲದ ಚಿತ್ರ ಬರೆದರು. "ನೋಡಿ, ಇದು ಅನ್ನದ ಚೀಲ. ಊಟ ಈ ಕೆಳಗಿನ ಬಾಗಿಲಿನಿಂದ ಕರುಳಿಗೆ ಇಳಿಯಬೇಕು. ಆ ಬಾಗಿಲಲ್ಲೇ ಗಡ್ಡೆ ಕೂತಿದೆ. ಕ್ಯಾನ್ಸರ್. ಅದು ಇಲ್ಲಿ ಮಾತ್ರ ಇದ್ದಿದ್ದರೆ ಚೀಲವನ್ನೇ ಬೇಕಾದಷ್ಟು ತೆಗೆದುಬಿಡುತ್ತಿದ್ದೆ. ಆದರೆ ಅದು ಹೊರಗೆ ಹೋಗಿದೆ. ಲಿವರಿನಲ್ಲೂ ಉಂಟು. ಈಗ ಇದನ್ನು ತೆಗೆದರೆ ಅವರ ಶಕ್ತಿ ಹೋಗುತ್ತದೆ, ಕಾಯಿಲೆ ಉಳಿಯುತ್ತದೆ."

"ಹಾಗಾದ್ರೆ ಆಪರೇಷನ್ ಇಲ್ಲ," ಎಂದರು ಭಾವ, ಅರ್ಧ ಎದ್ದು.

"ಉಂಟು. ಬೇರೆಯದು." ಸರ್ಜನರು ಚೀಲದ ಮೇಲ್ಭಾಗಕ್ಕೆ ಕರುಳಿನ ಒಂದು ಕುಣಿಕೆಯನ್ನು ತಂದು ಸೇರಿಸಿ ಗೀಟೆಳೆದರು. "ಹಳೆಯ ಬಾಗಿಲು ಹಾಗೇ ಇರಲಿ. ನಾನು ಇಲ್ಲೊಂದು ಹೊಸ ದಾರಿ ಮಾಡುತ್ತೇನೆ. ತಿಂದದ್ದು ಇದರಲ್ಲಿ ಹೋಗುತ್ತದೆ."

"ಗುಣ ಆಗುತ್ತನಾ?"

"ಇಲ್ಲ. ಉಣ್ಣಬಹುದು. ಉಂಡು ಸ್ವಲ್ಪ ಗಟ್ಟಿಯಾದರೆ ಮುಂದೆ ಕ್ಯಾನ್ಸರಿನ ಔಷಧಿ ಕೊಟ್ಟು ನೋಡಬಹುದು. ಈಗಿರುವ ಸ್ಥಿತಿಯಲ್ಲಿ ಅದನ್ನೂ ಕೊಡಲಿಕ್ಕೆ ಆಗುವುದಿಲ್ಲ."

"ಗುಣ ಆಗದಿದ್ರೆ ಉಂಡು ಎಂತ ಮಾಡದು ಡಾಕ್ಟ್ರೆ?"

ಸರ್ಜನರು ಒಂದು ಕ್ಷಣ ಭಾವನನ್ನೇ ನೋಡಿದರು. ನಾನೂ ನೋಡಿದೆ. ಅರ್ಧ ಗಂಟೆ ಹಿಂದೆ ಕ್ಯಾಂಟೀನಿನಲ್ಲಿ ತಿಂದ ಗೋಳಿಬಜೆಯ ಚಟ್ನಿ ಭಾವನ ಮೀಸೆಯ ತುದಿಯಲ್ಲಿ ಇನ್ನೂ ಇತ್ತು.

ಹೊರಗೆ ಬಂದು, ಅತ್ತೆಗೆ ಕೇಳಿಸದಷ್ಟು ದೂರದ ಕಂಬದ ಹತ್ತಿರ ಭಾವ ತೀರ್ಮಾನ ಕೊಟ್ಟರು. "ಅಮ್ಮಂಗೆ ಅಲ್ಸರ್ ಅಂತ ಹೇಳಣ. ಕ್ಯಾನ್ಸರ್ ಅಂದ್ರೆ ಅಲ್ಲೇ ಕುಸಿದು ಹೋಗ್ತಾಳೆ. ಮತ್ತೆ ಕತ್ತಿ ಮುಟ್ಟಿಸೋ ಮಾತು ಬೇಡ. ಮುಟ್ಟಿದ್ರೆ ಕೆರಳುತ್ತೆ ಅದು. ಪೂರ್ತಿ ತೆಗೆಯೋದಾದ್ರೆ ಸೈ. ತೆಗೆಯಲ್ಲ, ದಾರಿ ಮಾಡ್ತೀನಿ ಅಂದ್ರೆ ಎಂಥ ಆಪರೇಷನ್ ಅದು? ರೋಡ್ ಕಂಟ್ರಾಕ್ಟಾ?"

ನನ್ನ ಗಂಡ ತಲೆಯಾಡಿಸಿದರು. ಅಣ್ಣನ ಮುಂದೆ ಅವರು ಯಾವಾಗಲೂ ತಲೆಯಾಡಿಸುವುದೇ. ನಾನು, "ಭಾವ, ಅವರು ಹೇಳಿದ್ದು ಉಪವಾಸ ಬೀಳಬಾರದು ಅಂತ," ಎಂದೆ. "ಇರ್ಲಿ ತಡಿಯೆ," ಎಂದರು.

ಮನೆಗೆ ಬಂದ ಮೇಲೆ ಅಲ್ಸರಿನ ಸಂಸಾರ ಶುರುವಾಯಿತು. ಅಲ್ಸರ್ ಎಂದ ಮೇಲೆ ಅಲ್ಸರಿನ ಮದ್ದು ಎಲ್ಲರಿಗೂ ಗೊತ್ತು. ಮೆಣಸೆಯಿಂದ ಬೂದುಗುಂಬಳ ಬಂತು, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ರಸ. ನೆಮ್ಮಾರಿನ ಪರಿಚಯದವರಿಂದ ಅದೇನೋ ಬೇರಿನ ಪುಡಿ. ನರಸಿಂಹರಾಜಪುರದ ನಾದಿನಿ ಮೆಂತ್ಯದ ಗಂಜಿಯ ಕ್ರಮವನ್ನು ಫೋನಿನಲ್ಲಿ ಹೇಳಿದಳು. ಆಮೇಲೆ, "ಅತ್ತಿಗೆ, ಅಮ್ಮಂಗೆ ಮಾತ್ರ ಕ್ಯಾನ್ಸರ್ ಅಂತ ಗೊತ್ತಾಗ್ಬಾರ್ದು!" ಎಂದು ಎಷ್ಟು ಜೋರಾಗಿ ಕೂಗಿದಳೆಂದರೆ ನಾನು ರಿಸೀವರನ್ನು ಸೆರಗಿನಲ್ಲಿ ಒತ್ತಿ ಹಿಡಿಯಬೇಕಾಯಿತು. ಎಲ್ಲವನ್ನೂ ನಾನು ಹಿಂಡಿ, ಅರೆದು, ಕುದಿಸಿ ಕೊಟ್ಟೆ. ಅತ್ತೆ ಕುಡಿದರು. ಸಂಜೆಯೊಳಗೆ ಎಲ್ಲವೂ ಹಸಿರು ಬೇಸಿನ್ನಿಗೆ ವಾಪಸು ಬಂತು. ನಾನು ತೊಳೆದೆ. ಮರುದಿನ ಮತ್ತೆ ಕುಂಬಳ ಹಿಂಡಿದೆ.

ಭಾವನಿಗೂ ಒಳಗೊಳಗೆ ಹೆದರಿಕೆ ಶುರುವಾಗಿರಬೇಕು. ಪೇಟೆಯ ನರ್ಸಿಂಗ್ ಹೋಮಿನಲ್ಲಿ ಒಂದೆರಡು ಸಲ ಡ್ರಿಪ್ ಹಾಕಿಸಿದ ಮೇಲೆ ಒಂದು ದಿನ ಬಂದು ಅತ್ತೆಯ ಎದುರು ಕೂತು, "ಅಮ್ಮ, ಅಲ್ಸರ್ ಸ್ವಲ್ಪ ಜೋರಾಗಿದೆ. ಸಣ್ಣದೊಂದು ಆಪರೇಷನ್ ಮಾಡ್ತಾರಂತೆ," ಎಂದರು.

ಅತ್ತೆ ಗೋಡೆಗೆ ಒರಗಿಕೊಂಡೇ ಕೇಳಿದರು. "ಎಂತಕ್ಕೆ?"

"ಅಲ್ಸರಿಗೆ."

"ನಿನ್ನ ಚಿಕ್ಕಪ್ಪಂಗೆ ಮೂವತ್ತು ವರ್ಷ ಅಲ್ಸರ್ ಇತ್ತು. ಕೊಯ್ದ್ರನಾ? ಮಜ್ಜಿಗೆ ಕುಡ್ಕಂಡೇ ತೊಂಬತ್ತು ಮಾಡ್ದ. ಅಲ್ಸರಿಗೆ ಹೊಟ್ಟೆ ಸೀಳಕ್ಕೆ ನಂಗೇನು ಹುಚ್ಚನಾ? ನಾನು ಒಲ್ಲೆ."

ಭಾವ ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ನೋಡಿದೆ. ಅತ್ತೆಯ ಮಾತಿನಲ್ಲಿ ತಪ್ಪೆಲ್ಲಿತ್ತು? ನಾವು ಹೇಳಿದ ಸುಳ್ಳಿನ ಲೆಕ್ಕದಲ್ಲಿ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಸುಳ್ಳು ಹೇಳಿ ಒಬ್ಬರನ್ನು ಕೋಣೆಯಲ್ಲಿ ಕೂರಿಸಿ, ಆಮೇಲೆ ಯಾಕೆ ಹೊರಗೆ ಬರುವುದಿಲ್ಲವೆಂದು ಬಾಗಿಲು ಬಡಿಯುವುದು ಇದು. ಭಾವ ಜಗಲಿಗೆ ಬಂದು, "ಅಮ್ಮಂದು ಹಟ. ಮೊದಲಿಂದಲೂ ಹಾಗೇ," ಎಂದರು. ನನ್ನ ಗಂಡ ತಲೆಯಾಡಿಸಿದರು. ನಾನು ಒಳಗೆ ಹೋಗಿ ಕಾಫಿ ಫಿಲ್ಟರಿನ ಮುಚ್ಚಳವನ್ನು ಅಗತ್ಯಕ್ಕಿಂತ ಜೋರಾಗಿ ಬಡಿದೆ. ಸಿಸ್ಟರುಗಳ ಕಾಲದಿಂದಲೂ ನನ್ನ ಸಿಟ್ಟು ಪಾತ್ರೆಗಳ ಮೇಲೇ.

ಅತ್ತೆ ಸೊರಗುತ್ತಲೇ ಹೋದರು. ತುಟಿಯ ಸಿಪ್ಪೆ ಏಳುತ್ತಿತ್ತು. ನಾನು ತುಪ್ಪ ಹಚ್ಚುತ್ತಿದ್ದೆ. ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಬಂದರೆ ಅವರು ರಿಮೋಟನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಯಾರೋ ಬದನೆಕಾಯಿಗೆ ಮಸಾಲೆ ತುಂಬುತ್ತಿದ್ದರೆ, "ಉಪ್ಪು ಹಾಕ್ಲಿಲ್ಲ ನೋಡು ಅದು, ಮೂದೇವಿ," ಎನ್ನುತ್ತಿದ್ದರು. ಹಸಿವು ಸತ್ತಿರಲಿಲ್ಲ. ಅದೇ ನನಗೆ ತಡೆಯಲಾಗದೆ ಹೋದದ್ದು. ವ್ರತ, ಪುಣ್ಯ ಎಂದು ಇಡೀ ಊರು ಹೊಗಳಿದ್ದ ಹೆಂಗಸು ದಿನವಿಡೀ ಊಟದ ಬಗ್ಗೆಯೇ ಯೋಚಿಸುತ್ತಿದ್ದರು.

ಒಂದು ಬೆಳಿಗ್ಗೆ ಅವರಿಗೆ ತಲೆ ಬಾಚುತ್ತಿದ್ದೆ. ಬೇರೆ ಯಾರೂ ಇರಲಿಲ್ಲ.

"ಅಮ್ಮ, ಅಲ್ಸರ್ ಅಲ್ಲ ಅದು," ಎಂದೆ.

"ಮತ್ತೆಂತ?"

ಹೇಳಿದೆ. ಆ ಶಬ್ದವನ್ನೂ ಹೇಳಿದೆ. ಸರ್ಜನರ ಚಿತ್ರವನ್ನು ಅವರ ಬೆನ್ನ ಹಿಂದೆ ನಿಂತೇ ಬಾಯಲ್ಲಿ ಬಿಡಿಸಿದೆ. ಚೀಲ, ಬಾಗಿಲು, ಹೊಸ ದಾರಿ. ಹೊರಗೆ ಹೋಗಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಬಾಚಣಿಗೆ ನನ್ನ ಕೈಯಲ್ಲೇ ಇತ್ತು. ಅತ್ತೆ ಅಳುತ್ತಾರೆಂದು ಕಾದೆ.

"ಯಾರ್ಯಾರಿಗೆ ಗೊತ್ತು?" ಎಂದರು.

"ಭಾವಂಗೆ, ಇವರಿಗೆ..."

"ನರಸಿಂಹರಾಜಪುರದವಳಿಗೆ?"

"ಗೊತ್ತು."

"ಕಿಗ್ಗದವಳಿಗೆ?"

"ಗೊತ್ತು."

"ಹಾಲಿನವನಿಗೆ?"

ನಾನು ಬಾಚಣಿಗೆಗೆ ಸಿಕ್ಕ ಕೂದಲು ಬಿಡಿಸತೊಡಗಿದೆ.

ಅತ್ತೆ ಪೂರ್ತಿ ತಿರುಗಿ ಕೂತರು. ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿ ಇತ್ತು. "ಹಾಲಿನವನಿಗೂ ಗೊತ್ತಿದ್ದು, ಹೊಟ್ಟೆ ಯಾರದ್ದೋ ಅವಳಿಗೆ ಗೊತ್ತಿಲ್ಲ! ಅದಕ್ಕೇ ಅವನು ನಿನ್ನೆ ಹಾಲು ಹೊಯ್ಯೋವಾಗ ಅಷ್ಟು ಭಕ್ತಿಯಿಂದ ಮಾತಾಡ್ಸಿದ್ದು. ನಾನೆಲ್ಲೋ ನೀರು ಬೆರೆಸಿದಾನೆ ಅಂದ್ಕಂಡೆ. ಅಲ್ಲ ಮಾರಾಯ್ತಿ, ಹಾಗಾದ್ರೆ ಇಷ್ಟು ದಿನ ಆ ಕುಂಬಳದ ರಸ ಎಂತಕ್ಕೆ ಕುಡಿಸ್ದೆ?"

"ಭಾವ ಕಳ್ಸಿದ್ರು."

"ಅವನ ತಲೆ." ಆಮೇಲೆ ಕೇಳಿದರು. "ಕೊಯ್ದ್ರೆ ಉಣ್ಣಕ್ಕಾಗುತ್ತನಾ?"

"ಆಗುತ್ತೆ ಅಂತಾರೆ. ಸ್ವಲ್ಪ ಸ್ವಲ್ಪ."

"ಎಷ್ಟು ದಿನ ಆಗುತ್ತೆ ಹಾಗೆ?"

"ಅದು ಅವರಿಗೂ ಗೊತ್ತಿಲ್ಲ ಅಮ್ಮ."

"ಸರಿ. ಹೋಗಣ. ಗಂಡುಮಕ್ಕಳಿಗೆ ನೀನು ಹೇಳ್ದೆ ಅಂತ ಹೇಳ್ಬೇಡ, ಇಬ್ರೂ ಅತ್ಕಂಡು ಕೂರ್ತಾವೆ, ಅವರನ್ನ ಸಮಾಧಾನ ಮಾಡೋ ಶಕ್ತಿ ನಂಗಿಲ್ಲ. ಅಲ್ಸರೇ ಇರ್ಲಿ ಅವಕ್ಕೆ. ಜಡೆ ಹಾಕು."

ಹೀಗೆ ನಮ್ಮ ಮನೆಯಲ್ಲಿ ಅಲ್ಸರ್ ಮುಂದುವರಿಯಿತು, ಆದರೆ ಈಗ ಅದು ಬೇರೆ ದಿಕ್ಕಿನಿಂದ. ಆ ಸಂಜೆ ಅತ್ತೆ ಭಾವನಿಗೆ ಫೋನು ಮಾಡಿಸಿ, "ಕೊಯ್ಯಿಸ್ತೀನೊ, ಕಾರು ಹೇಳು," ಎಂದರು. ಭಾವ ನನ್ನ ಗಂಡನಿಗೆ ಹೇಳಿದರಂತೆ, "ನೋಡ್ದೆಯಾ, ನಾನು ನಿಧಾನಕ್ಕೆ ಹೇಳಿದ್ದಕ್ಕೆ ಒಪ್ಕಂಡ್ಲು." ನಾನು ಅನ್ನದ ಪಾತ್ರೆಯ ಮುಚ್ಚಳ ಹುಡುಕಿದೆ.

ಆಪರೇಷನ್ ದಿನದ ಬಗ್ಗೆ ಬರೆಯುವ ಮುಂಚೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಯಾರಿಗೇ ಆಪರೇಷನ್ ಆಗಲಿ, ಥಿಯೇಟರಿನ ಬಾಗಿಲು ಅರ್ಧ ತೆರೆದು, ಹಸಿರು ಬಟ್ಟೆ ತೊಟ್ಟವರು ಸ್ಟೀಲಿನ ತಟ್ಟೆಯಲ್ಲಿ ತೆಗೆದದ್ದನ್ನು ತಂದು ಮನೆಯವರಿಗೆ ತೋರಿಸುತ್ತಾರೆ. ಗರ್ಭಕೋಶವೋ, ಅಪೆಂಡಿಕ್ಸೋ, ಪಿತ್ತಕೋಶದ ಕಲ್ಲೋ. ನೋಡಿದವರು ಊರಿಗೆ ಬಂದು ಮದುವೆಮನೆ, ಮುಂಜಿಮನೆಗಳಲ್ಲಿ ಗಾತ್ರ ಹೇಳುತ್ತಾರೆ. ನಿಂಬೆಹಣ್ಣಿನಷ್ಟು, ಸೌತೆಕಾಯಿಯಷ್ಟು. ನನ್ನ ವಾರಗಿತ್ತಿಯ ಗಡ್ಡೆ ಮೊದಲು ತೆಂಗಿನಕಾಯಿಯಷ್ಟಿತ್ತು. ವರ್ಷ ಕಳೆಯುವಷ್ಟರಲ್ಲಿ ಹಲಸಿನಕಾಯಿಯಾಗಿತ್ತು. ತಟ್ಟೆ ನೋಡದೆ ಆಪರೇಷನ್ ಆಯಿತೆಂದು ನಮ್ಮವರು ನಂಬುವುದಿಲ್ಲ.

ಆ ದಿನ ಭಾವ ಬೆಳಿಗ್ಗೆಯಿಂದ ಥಿಯೇಟರಿನ ಬಾಗಿಲ ಎದುರಿನ ಕುರ್ಚಿ ಬಿಟ್ಟು ಏಳಲಿಲ್ಲ. ಊಟಕ್ಕೆ ಕರೆದರೆ, "ತಟ್ಟೆ ತರೋವಾಗ ಯಾರಾದ್ರೂ ಇರ್ಬೇಕಲ್ಲ," ಎಂದರು. ಸರ್ಜನರು ಏನೇ ಹೇಳಿರಲಿ, ಹೊಟ್ಟೆ ತೆರೆದ ಮೇಲೆ ಮನಸ್ಸು ಬದಲಾಯಿಸಿ ತೆಗೆದೇ ಬಿಡುತ್ತಾರೆಂದು ಅವರಿಗೆ ಆಸೆ. ಆ ಆಸೆ ನನಗೂ ಇರಲಿಲ್ಲವೆಂದು ಹೇಳಲಾರೆ. ಪಕ್ಕದವರಿಗೆ ಒಂದು ತಟ್ಟೆ ಬಂತು. ಭಾವ ಎದ್ದು ಅದನ್ನೂ ಬಗ್ಗಿ ನೋಡಿದರು.

ಮಧ್ಯಾಹ್ನ ಸರ್ಜನರೇ ಹೊರಗೆ ಬಂದರು. ಕೈ ಖಾಲಿ. ಮುಖವಸ್ತ್ರ ಕುತ್ತಿಗೆಗೆ ಇಳಿದಿತ್ತು, ಮೂಗಿನ ಮೇಲೆ ಅದರ ಗೆರೆ ಇತ್ತು. "ಚೆನ್ನಾಗಿ ಆಯಿತು. ದಾರಿ ಮಾಡಿದ್ದೇನೆ. ಗಡ್ಡೆಯನ್ನು ಮುಟ್ಟಲಿಲ್ಲ, ನಾವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಹರಡಿದೆ."

"ತಟ್ಟೆ..." ಎಂದರು ಭಾವ.

"ತೆಗೆದಿದ್ದರಲ್ಲವೇ ತೋರಿಸುವುದು?"

ಭಾವ ಸೀದಾ ಎದುರಿನ ಎಸ್‌ಟಿಡಿ ಬೂತಿಗೆ ಹೋದರು. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಮೆಣಸೆಗೆ, ನರಸಿಂಹರಾಜಪುರಕ್ಕೆ, ಕಿಗ್ಗಕ್ಕೆ ಒಂದೇ ವಾಕ್ಯ ಹೋಯಿತು. "ಎಂತದೂ ಮಾಡ್ಲಿಲ್ಲಂತೆ. ಓಪನ್ ಮಾಡಿ ಹಾಗೇ ಮುಚ್ಚಿದ್ರಂತೆ." ನಾನು ಬೂತಿನ ಹೊರಗೆ ನಿಂತು, "ಭಾವ, ದಾರಿ ಮಾಡಿದಾರೆ ಅಂತ ಹೇಳಿ," ಎಂದೆ. ಅವರು ಕೈಯಿಂದ ರಿಸೀವರ್ ಮುಚ್ಚಿ, "ಅದನ್ನ ಫೋನಲ್ಲಿ ಹೆಂಗೆ ಹೇಳದು?" ಎಂದರು.

ಮೂಗಿನಲ್ಲಿ ನಳಿಗೆ ಹಾಕಿಕೊಂಡು ಮಲಗಿದ್ದ ಅತ್ತೆಗೆ ಮೊದಲು ಚಮಚದಲ್ಲಿ ನೀರು ಕೊಟ್ಟರು. ನಾನು ಬೇಸಿನ್ ಹಿಡಿದು ಕಾದೆ. ಬರಲಿಲ್ಲ. ಮರುದಿನ ಗಂಜಿಯ ತಿಳಿ. ಬೇಸಿನ್ ಹಿಡಿದೇ ಇದ್ದೆ, ಅದೂ ಬರಲಿಲ್ಲ. "ಅದನ್ನ ಕೆಳಗಿಡೆ ಮಾರಾಯ್ತಿ, ಅದನ್ನ ನೋಡಿದ್ರೇ ವಾಂತಿ ಬರುತ್ತೆ," ಎಂದರು ಅತ್ತೆ. ಬೇಸಿನ್ ಮಂಚದ ಅಡಿಗೆ ಹೋಯಿತು. ಮನೆಗೆ ಬಂದು ಸ್ವಲ್ಪ ದಿನಕ್ಕೆ, ಮೆತ್ತಗೆ ಬೇಯಿಸಿದ ಅನ್ನ, ಅದಕ್ಕೆ ಹೀರೆಕಾಯಿಯ ತಿಳಿಸಾರು. ಬೆರಳಿನಿಂದ ತಟ್ಟೆಯ ಅಂಚು ಒರೆಸಿ ನೆಕ್ಕಿದರು. ನಾನು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತೆ. ಆ ದಿನ ಯಾವ ಪಾತ್ರೆಯನ್ನೂ ಬಡಿಯಲಿಲ್ಲ.

ನೆಮ್ಮದಿ ಅಷ್ಟೇ. ಆಮೇಲೆ ನೋಡುವವರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಪಿಸುಮಾತು. "ತೆಗ್ದಿಲ್ವಂತೆ?" ಇಲ್ಲ, ದಾರಿ ಮಾಡಿದಾರೆ. "ಹಂಗಾದ್ರೆ ಕೊಯ್ದಿದ್ದು ಎಂತಕ್ಕೆ?" ಉಣ್ಣಕ್ಕೆ. "ಅದಲ್ಲ, ಕಾಯಿಲೆಗೆ ಎಂತ ಮಾಡಿದ್ರು?" ಕಾಫಿ ಕೊಟ್ಟು ಮತ್ತೆ ಮೊದಲಿನಿಂದ ಹೇಳುತ್ತಿದ್ದೆ. ಒಬ್ಬರು ಒಪ್ಪಿದರೆಂದು ಅನ್ನಿಸುವಷ್ಟರಲ್ಲಿ ಹೊರಡುತ್ತ ಗೇಟಿನ ಹತ್ತಿರ, "ಪಾಪ, ಸುಮ್ನೆ ಕೊಯ್ಸಿದ್ರು," ಎಂದು ಇನ್ನೊಬ್ಬರಿಗೆ ಹೇಳುವುದು ಕಿಟಕಿಯಿಂದ ಕೇಳುತ್ತಿತ್ತು. ಅವರು ಅದನ್ನು ಹೇಳುತ್ತಿದ್ದ ಹೊತ್ತಿನಲ್ಲೇ ಒಳಗೆ ಅತ್ತೆ ಇಡ್ಲಿ ತಿನ್ನುತ್ತಿದ್ದರು.

ನಾದಿನಿ ಒಂದು ಶುಕ್ರವಾರ ನರಸಿಂಹರಾಜಪುರದಿಂದ ಬಂದಳು. ಅಮ್ಮನ ಕೆನ್ನೆ ಮುಟ್ಟಿ, ಅತ್ತು, ಕಣ್ಣೊರೆಸಿಕೊಂಡು ಹೇಳಿದಳು. "ಅಮ್ಮ, ನಾನು ಹರಕೆ ಹೇಳ್ಕಂಡಿದೀನಿ. ನೀನು ಹದಿನಾರು ಶನಿವಾರ ಒಪ್ಪತ್ತು ಮಾಡಿದ್ರೆ ಎಲ್ಲ ಸರಿ ಹೋಗುತ್ತೆ. ನಾಳೆಯಿಂದ್ಲೇ ಶುರು ಮಾಡು."

ನನ್ನ ಕೈಯಲ್ಲಿ ಅತ್ತೆಗೆಂದು ತಂದ ಸಜ್ಜಿಗೆಯ ಬಟ್ಟಲಿತ್ತು. ನಾನು ಅದನ್ನು ಮೇಜಿನ ಮೇಲಿಟ್ಟೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಹರಕೆ ಹೊತ್ತವಳು ನೀನು. ಒಪ್ಪತ್ತು ನೀನೇ ಮಾಡು. ಇವತ್ತಿಂದ್ಲೇ ಮಾಡು. ನಿಂಗೆ ಊಟಕ್ಕೆ ಇಡಲ್ಲ ನಾನು."

ಬೀದಿಗೆ ಕೇಳಿಸಿರಬೇಕು. ನನ್ನ ಗಂಡ ಪೇಪರ್ ಇಳಿಸಿದರು. ಅತ್ತೆ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡು, "ಕಾನ್ವೆಂಟಿನವಳಿಗೂ ಸ್ವರ ಇದೆ ಮಾರಾಯ," ಎಂದು ಮಗನಿಗೆ ಹೇಳಿ ಚಮಚ ಹಾಕಿದರು. ನಾದಿನಿಗೆ ಆಮೇಲೆ ಊಟ ಬಡಿಸಿದೆ ಅನ್ನಿ. ಆದರೆ ತುಪ್ಪ ಹಾಕುವುದು ಮರೆತೆ.

ಅತ್ತೆ ಗಟ್ಟಿಯಾದರು. ಘಟ್ಟದ ಕೆಳಗೆ ಹೋಗಿ, ಗಂಡುಮಕ್ಕಳು ಅಲ್ಸರಿನ ಡ್ರಿಪ್ ಎಂದದ್ದನ್ನು ನಂಬಿದವರ ಹಾಗೆ, ಕೆಲವು ಸಲ ಕ್ಯಾನ್ಸರಿನ ಔಷಧಿ ಹಾಕಿಸಿಕೊಂಡರು. ಹಾಕಿಸಿಕೊಂಡ ವಾರ ಬಾಯಿ ಕಹಿ, ಆಮೇಲೆ ಮತ್ತೆ ಹಸಿವು. ಬಳೆಗಳು ಮುಂಗೈಗೆ ಇಳಿದವು. ಇನ್ನೇನು ಎಲ್ಲರೂ ಸುಮ್ಮನಾಗುತ್ತಾರೆ ಎಂದುಕೊಂಡರೆ, ಭಾವ ಮೆಣಸೆಯಿಂದ ಹೊಸ ಯೋಚನೆಯೊಂದನ್ನು ಹೊತ್ತು ತಂದರು. "ಈಗ ಅಮ್ಮಂಗೆ ಶಕ್ತಿ ಬಂದಿದೆ. ಈಗ ತೆಗೆಸಿಬಿಡಣ. ಮತ್ತೊಂದು ಆಪರೇಷನ್."

ಕತ್ತಿ ಮುಟ್ಟಿಸಬಾರದು, ಕೆರಳುತ್ತದೆ ಎಂದವರು ಇವರೇ! ಬೇಕಾಗಿದ್ದಾಗ ಬೇಡವೆಂದರು, ಬೇಡವಾದಾಗ ಬೇಕೆನ್ನುತ್ತಾರೆ. ನನ್ನ ಗಂಡ ಇದಕ್ಕೂ ತಲೆಯಾಡಿಸಿದರು. ಆ ತಲೆಯಾಡಿಕೆಯನ್ನು ನಿಲ್ಲಿಸುವ ಯಾವ ಆಪರೇಷನ್ನೂ ಇರಲಿಕ್ಕಿಲ್ಲ.

ಮುಂದಿನ ಸಲ ತೋರಿಸಲು ನಾಲ್ವರೂ ಹೋದಾಗ ಭಾವ ಸರ್ಜನರ ಎದುರು ಕೂತು ಇದನ್ನೇ ಕೇಳಿದರು. ಈ ಬಾರಿ ಅತ್ತೆಯೂ ಕೋಣೆಯೊಳಗೇ ಇದ್ದರು. ಹೊರಗೆ ಕೂರುವುದಿಲ್ಲವೆಂದು ಮೊದಲೇ ಹೇಳಿದ್ದರು. ಸರ್ಜನರು ಹೊಸ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿ, ಭಾವನಿಗೆ ಉತ್ತರ ಕೊಡದೆ ಅತ್ತೆಯ ಕಡೆ ತಿರುಗಿದರು. "ನಾನು ಕೊಯ್ದು ತೆಗೆಯಲು ನೋಡಬಹುದು ಅಮ್ಮ. ಕೈ ಇದೆ, ಕತ್ತಿ ಇದೆ. ಆದರೆ ಬೇರೆ ಕಡೆ ಇರುವುದು ಅಲ್ಲೇ ಇರುತ್ತದೆ. ನೀವು ಮತ್ತೆ ಬಹಳ ದಿನ ಹಾಸಿಗೆ ಹಿಡಿಯುತ್ತೀರಿ. ಏಳದೆಯೂ ಇರಬಹುದು. ನನ್ನ ತಾಯಿಯಾಗಿದ್ದರೆ ನಾನು ಮಾಡುತ್ತಿರಲಿಲ್ಲ."

"ಹಾಸಿಗೆ ಹಿಡಿದ್ರೆ ಮತ್ತೆ ಉಣ್ಣಕ್ಕಾಗಲ್ಲ?" ಅತ್ತೆ ಕೇಳಿದರು.

"ಬಹಳ ದಿನ ಆಗುವುದಿಲ್ಲ."

"ಹಾಗಾದ್ರೆ ಬೇಡ."

"ಅಮ್ಮ, ನಿಂಗೆ ಗೊತ್ತಾಗಲ್ಲ, ಅದು ಬರೀ ಅಲ್ಸರ್..." ಭಾವ ಅರ್ಧದಲ್ಲೇ ನಿಲ್ಲಿಸಿದರು. ಯಾಕೆಂದರೆ ಅತ್ತೆ ಅವರ ಮೊಣಕಾಲ ಮೇಲೆ ಕೈ ಇಟ್ಟಿದ್ದರು.

"ಕ್ಯಾನ್ಸರ್ ಕಣೋ. ನಂಗೆ ಆವಾಗಿಂದ ಗೊತ್ತು. ನೀನು ಸುಮ್ನಿರು."

ಭಾವನ ಮುಖ ನೋಡಲಾಗಲಿಲ್ಲ. ಅವರು ಸರ್ಜನರ ಮೇಜಿನಿಂದ ಫೈಲು ತೆಗೆದುಕೊಂಡು ಕಾಗದಗಳನ್ನು ಜೋಡಿಸತೊಡಗಿದರು. ಅಷ್ಟು ದಿನ ಅವರ ಮೇಲಿದ್ದ ನನ್ನ ಸಿಟ್ಟು ಕರಗಿತೆಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಇತ್ತು. ಆದರೆ ಇವರು ಥಿಯೇಟರಿನ ಎದುರು ಊಟ ಬಿಟ್ಟು ಕೂತದ್ದು ಗಾತ್ರ ನೋಡಲಿಕ್ಕಲ್ಲ, ಅಮ್ಮನಿಂದ ಅದು ಹೊರಗೆ ಹೋದದ್ದನ್ನು ಕಣ್ಣಾರೆ ಕಾಣಲಿಕ್ಕೆ ಎಂಬುದೂ ಆಗ ಹೊಳೆಯಿತು.

ಅತ್ತೆ ಆಮೇಲೆ ಬದುಕಿದ್ದು ಮಾವಿನ ಮಿಡಿ ಪೇಟೆಗೆ ಬರುವವರೆಗೆ. ಕೊನೆಯ ಕೆಲವು ವಾರ ಹೊಸ ದಾರಿಯೂ ನಿಧಾನವಾಗಿ, ತೆಳ್ಳಗಿನ ಗಂಜಿಗೆ ಇಳಿದರು. ಸರ್ಜನರು ಅದನ್ನು ಮೊದಲೇ ಹೇಳಿದ್ದರು. ಅಲ್ಲಿಯವರೆಗೆ ಅವರು ತಿಂದದ್ದನ್ನು ನಾನು ಬಲ್ಲೆ. ಕೆಸುವಿನ ಎಲೆಯ ಪತ್ರೊಡೆಯ ತುಣುಕು, ಹೊಸ ಅಕ್ಕಿಯ ಕಡುಬು, ಸೌತೆಕಾಯಿಯ ಸಿಹಿದೋಸೆ, ಅದೂ ಇದೂ ನಾಲಗೆಗೆ ಬೇಕೆನ್ನಿಸಿದ್ದು. ಎಲ್ಲವೂ ಅರ್ಧರ್ಧ. ಯಾವುದೂ ವಾಪಸು ಬರಲಿಲ್ಲ. ತೀರಿಕೊಂಡ ಮೇಲೂ ಜನ, "ಆಪರೇಷನ್ ಫೇಲ್ ಆಯ್ತಂತೆ," ಎಂದರು. ಈಗಲೂ ಹೇಳುವವರಿದ್ದಾರೆ. ನಾನು ತಿದ್ದುವುದನ್ನು ಬಿಟ್ಟಿಲ್ಲ.

ಅತ್ತೆ ಎರಡನೇ ಆಪರೇಷನ್ ಬೇಡವೆಂದ ಆ ದಿನ ಸರ್ಜನರ ಕೋಣೆಯಿಂದ ಹೊರಗೆ ಬಂದಾಗ ಮಧ್ಯಾಹ್ನ ಮೀರಿತ್ತು. ಭಾವ ಫೈಲು ಎದೆಗವುಚಿಕೊಂಡು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು. ಅತ್ತೆ ನನ್ನ ತೋಳು ಹಿಡಿದು, "ಹಸಿವಾಗ್ತಿದೆ," ಎಂದರು. ಆ ಮಾತು ಕೇಳಿ ಭಾವ ನಿಂತರು. ಕ್ಯಾಂಟೀನಿನಲ್ಲಿ ನಾಲ್ವರೂ ಕೂತೆವು. ಅತ್ತೆ ನೀರುದೋಸೆ ಹೇಳಿದರು. ಚಟ್ನಿಯಲ್ಲಿ ಬೆರಳದ್ದಿ, "ಕಾಯಿ ಕಮ್ಮಿ," ಎಂದರು. ಒಂದು ದೋಸೆಯನ್ನು ಸಣ್ಣ ಸಣ್ಣ ಚೂರು ಮಾಡಿ, ನುರಿಸಿ ನುರಿಸಿ ತಿಂದರು. ಎರಡನೆಯದರಲ್ಲಿ ಅರ್ಧಕ್ಕೆ ನಿಲ್ಲಿಸಿ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು, ತಟ್ಟೆಯನ್ನು ಹಿರಿಮಗನ ಮುಂದೆ ತಳ್ಳಿದರು.

"ನೀನು ಬೆಳಿಗ್ಗೆಯಿಂದ ಎಂತದೂ ತಿಂದಿಲ್ಲ. ತಿನ್ನು."

"ಸೇರಲ್ಲ ಅಮ್ಮ."

"ನಂಗೇ ಸೇರುತ್ತೆ, ನಿಂಗೆಂತ ಧಾಡಿ? ತಿನ್ನು."

ಭಾವ ಫೈಲನ್ನು ಪಕ್ಕದ ಕುರ್ಚಿಯ ಮೇಲಿಟ್ಟು ತಿನ್ನತೊಡಗಿದರು.